ದೀಪ ಹಚ್ಚದ ಗಲ್ಲಿಯ ಮೀಟರ್ ಕಾಕಾ

ಅವರ ಬಲಗೈ ಬೆರಳುಗಳ ಹಿಂಬದಿ ಸುಟ್ಟು, ಮಾಯ್ದು, ಮತ್ತೆ ಸುಟ್ಟು ನುಣ್ಣಗೆ ಹೊಳೆಯುತ್ತಿತ್ತು. ಒಂದು ಕೂದಲೂ ಅಲ್ಲಿ ಉಳಿದಿರಲಿಲ್ಲ. ಯಾರ ಮನೆಗೇ ಹೋಗಲಿ, ಕುಂದ್ರಿ ಅನ್ನುವುದರೊಳಗೆ ಆ ಬೆರಳುಗಳನ್ನು ಮಡಚಿ ಟೀವಿಯ ಬೆನ್ನಿಗೆ, ಫ್ರಿಜ್ಜಿನ ಮಗ್ಗುಲಿಗೆ, ಟ್ಯೂಬ್‌ಲೈಟಿನ ಚೋಕಿಗೆ ತಾಗಿಸಿ ನೋಡುವರು, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ. ಆಮೇಲೆ ಮನೆಯವರ ಕಡೆ ತಿರುಗಿ, ಕಳ್ಳನನ್ನು ಹಿಡಿದವರ ಗತ್ತಿನಲ್ಲಿ ಹೇಳುವರು: "ಬಿಸಿ ಐತಿ. ಬಿಸಿ ಅಂದ್ರ ಪೋಲು."

ಅಂಗೈಯಿಂದ ಯಾಕೆ ಮುಟ್ಟುವುದಿಲ್ಲ ಎಂದು ನಾನೊಮ್ಮೆ ಕೇಳಿದ್ದೆ. "ಶಾಕ್ ಹೊಡದ್ರ ಅಂಗೈ ಮುಚ್ಚಿಕೋತೈತಿ ತಂಗೀ, ವಾಯರ್ ಬಿಡಂಗಿಲ್ಲ. ಹಿಂದಿನ ಬಾಜೂಲೆ ಮುಟ್ಟಿದ್ರ ಕೈ ತಾನ ಹೊರಗ ಬರತೈತಿ," ಎಂದಿದ್ದರು. ಕರೆಂಟಿನ ವಿಷಯದಲ್ಲಿ ಇಷ್ಟು ಹುಷಾರಿದ್ದ ಮನುಷ್ಯ, ಮಂದಿಯ ವಿಷಯದಲ್ಲಿ ಮಾತ್ರ ಅಂಗೈ ತುಂಬ ಹಿಡಿದುಕೊಂಡುಬಿಟ್ಟರು. ನಂಬಿದ ಗಲ್ಲಿಯನ್ನು ಬಿಡಲಿಕ್ಕೆ ಅವರಿಗೆ ಕೊನೆತನಕ ಬರಲಿಲ್ಲ.

ಮಿರಜಿನ ನಮ್ಮ ಗಲ್ಲಿಯಲ್ಲಿ ಬಹುತೇಕ ಜೈನರ ಮನೆಗಳು. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ. ಕಾಕಾನ ಮನೆಯೂ ಜೈನರದೇ, ಬಸ್ತಿಯ, ಅಂದರೆ ಜಿನಮಂದಿರದ ಎದುರಿಗೆ; ನಮ್ಮದು ಗಲ್ಲಿಯ ಬಾಯಲ್ಲಿ. ನಾವು ಜೈನರಲ್ಲ. ನಾನು ಸಲಗರೆಯ ಮಗಳು, ಮಿರಜಿಗೆ ಸೊಸೆಯಾಗಿ ಬಂದವಳು. ಕಾಕಾ ಸಾಂಗಲಿಯ ಕರೆಂಟ್ ಕಚೇರಿಯಲ್ಲಿ ಎಂಜಿನಿಯರು. ಹುಡುಗರು ಅವರನ್ನು ಮೀಟರ್ ಕಾಕಾ ಅನ್ನುತ್ತಿದ್ದರು, ಮೊದಲು ಹಿಂದಿನಿಂದ, ಆಮೇಲೆ ಎದುರಿಗೇ. ನಾನು ಕಾಕಾ ಅನ್ನುತ್ತಿದ್ದೆ, ಅವರ ಹೆಂಡತಿಗೆ ಕಾಕೂ.

ಸಿಹಿ ಮನುಷ್ಯ ಅಂತ ಮಾತ್ರ ತಿಳಿಯಬೇಡಿ. ಬಲು ಸಿಡುಕು. ಮದುವೆಯ ಮನೆಯಲ್ಲಿ ಊಟಕ್ಕೆ ಕೂತವರ ತಲೆಯ ಮೇಲಿನ ಫ್ಯಾನನ್ನು ಕೇಳದೆ ಬಂದ್ ಮಾಡಿ, "ಗಾಳಿ ಹೊರಗಿಂದ ಬರಾಕತ್ತೈತಿ, ಕಾಣಂಗಿಲ್ಲೇನ್ರಿ?" ಎಂದು ಬೀಗರ ಮುಂದೆ ಜಗಳ ತೆಗೆದವರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಅವರಿಗೆ ವಿಪರೀತ ಮೋಹ. ಆದರೆ ಇಸ್ತ್ರಿ ಕರೆಂಟು ತಿನ್ನುತ್ತದೆಂದು ವಾರದ ಅಂಗಿಗಳನ್ನೆಲ್ಲ ಒಂದೇ ಬಿಸಿಯಲ್ಲಿ ಮುಗಿಸಬೇಕೆಂದು ಹೆಂಡತಿಯ ಜೀವ ತಿನ್ನುವರು. ತಾವು ಇಂಗ್ಲಿಷಿನಲ್ಲಿ ಬರೆದ ವರದಿಯನ್ನು ನನ್ನ ಗಿರಣಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುವರು. ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಓದಿ ಮುಗಿಸಿ, "ಹೆಂಗೈತಿ?" ಅನ್ನುವರು. "ಭಾರಿ ಐತಿ ಕಾಕಾ," ಅನ್ನುತ್ತಿದ್ದೆ. ಹಿಗ್ಗಿ ಹೋಗುವರು.

ಆ ಗಿರಣಿ ಇವತ್ತಿಗೂ ನಡೆದಿದ್ದರೆ ಅದು ಅವರಿಂದ. ನನ್ನ ಯಜಮಾನರು ಬೆನ್ನುನೋವಿಗೆ ಹಾಸಿಗೆ ಹಿಡಿದ ಮೇಲೆ ಖಾರ ಕುಟ್ಟುವ ಗಿರಣಿ ನನ್ನ ಕೊರಳಿಗೆ ಬಿತ್ತು. ಬೇಸಿಗೆಯ ಮಸಾಲೆ ಸುಗ್ಗಿ ಮುಗಿದರೆ ಬಿಲ್ಲು ಕಟ್ಟುವುದರಲ್ಲೇ ದಮ್ಮು ಹೋಗುತ್ತಿತ್ತು. ಒಂದು ದಿನ ಕಾಕಾ ತಮ್ಮ ಮನೆಯ ಮೆಣಸಿನಕಾಯಿ ಕುಟ್ಟಿಸಲು ಬಂದವರು, ರೂಢಿಯಂತೆ ಬೆರಳು ಮಡಚಿ ಮೋಟಾರಿಗೆ ತಾಗಿಸಿದರು. ಹೌಹಾರಿದರು.

"ಯಾರ ಕೊಡಿಸಿದ್ರು ಇದನ್ನ? ಇಷ್ಟು ಖಾರ ಕುಟ್ಟಾಕ ಆನಿ ಸಾಕೀರೇನು?"

ಅಗ್ಗಕ್ಕೆ ಸಿಕ್ಕಿತೆಂದು ಯಜಮಾನರು ಎಲ್ಲೋ ಮುಚ್ಚಿದ ಕಾರಖಾನೆಯಿಂದ ತಂದ ಮೋಟಾರು ಅದು. ಅಳತೆಗೆ ಮೀರಿ ದೊಡ್ಡದು. ಮುಂದಿನ ರವಿವಾರ ಕಾಕಾ ಅಂಗಿ ಕಳಚಿ, ಬನಿಯನ್ನಿನಲ್ಲೇ ಕೂತು, ಸಣ್ಣ ಮೋಟಾರು ಕೂಡಿಸಿ, ಸಡಿಲಾಗಿದ್ದ ಪಟ್ಟಾ ಬಿಗಿದು ಕೊಟ್ಟರು. ಖಾರದ ಧೂಳಿಗೆ ಸೀನಿ ಸೀನಿ ಕಣ್ಣು ಮೂಗು ಒಂದಾಗಿದ್ದವು. ಹೋಗುವಾಗ ಬೈದೇ ಹೋದರು: "ಗಿರಾಕಿ ಬರೂತನಕ ಗಿರಣಿ ತಿರಗಬಾರದು. ಖಾಲಿ ತಿರಗಿಸಿದ್ರ ನಾ ಬಂದು ವಾಯರ್ ಕಡೀತೇನಿ ನೋಡು." ನಮ್ಮ ಪೇಟೆಯಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನನ್ನದು ಉಳಿಯಿತು. ನನ್ನ ಮಕ್ಕಳು ಅನ್ನ ಉಂಡರು. ಇದಕ್ಕಿಂತ ಹೆಚ್ಚಿನ ಋಣ ಯಾವುದಿರುತ್ತದೆ?

ಅವು ಹೊರಗಿನ ವ್ಯಾಪಾರಕ್ಕೆ ದೇಶದ ಬಾಗಿಲು ತೆರೆದ ವರ್ಷಗಳು. ಸಾಂಗಲಿ ಮಿರಜಿನ ನಡುವಿನ ರಸ್ತೆಯಲ್ಲಿ ಹೊಲಗಳಿದ್ದಲ್ಲಿ ಮಹಡಿ ಮನೆಗಳೆದ್ದವು. ಮಿರಜಿನ ದವಾಖಾನೆಗಳಿಗೆ ಏರ್ ಕಂಡೀಷನ್ ಬಂತು, ಲಾಡ್ಜುಗಳ ನೆತ್ತಿಗೆ ಬಣ್ಣದ ದೀಪದ ಬೋರ್ಡು ಬಂತು, ನಮ್ಮ ಗಲ್ಲಿಗೂ ಫ್ರಿಜ್ಜು, ಮಿಕ್ಸರು ಬಂದವು. ಕರೆಂಟು ಮಾತ್ರ ಮೊದಲು ಇದ್ದಷ್ಟೇ. ಸಂಜೆಯಾದರೆ ನದಿದಂಡೆಯ ಪಂಪುಗಳು ಒಮ್ಮೆಲೇ ಚಾಲೂ ಆಗಿ, ಹರಿಪುರದಿಂದ ಡಿಗ್ರಜದ ತನಕ ವೋಲ್ಟೇಜು ಕುಸಿದು, ನಮ್ಮ ಟ್ಯೂಬ್‌ಲೈಟುಗಳು ಹೊತ್ತಿಕೊಳ್ಳಲಾರದೆ ಮಿಣುಕುತ್ತಿದ್ದವು.

ಆಗ ಕಚೇರಿಯಲ್ಲಿ ಹೊಸದೊಂದು ವಿಭಾಗ ತೆರೆದರು. ಕಡಿಮೆ ಕರೆಂಟಿನಲ್ಲಿ ಹೆಚ್ಚು ಕೆಲಸ ಮಾಡುವ ಹೊಸ ಸಾಮಾನುಗಳನ್ನು ಮನೆಗಳಲ್ಲಿ, ಅಂಗಡಿಗಳಲ್ಲಿ ಹಾಕಿ ಪರೀಕ್ಷೆ ಮಾಡುವುದು, ಒಳ್ಳೆಯದಾಗಿದ್ದರೆ ಊರಿಗೆಲ್ಲ ಹಂಚುವುದು. ಮುಖ್ಯಸ್ಥರು ಕಾಕಾ. ಆ ದಿನ ಅವರು ಪೇಢೆ ಹಂಚಿದರು. ಪೇಢೆ ಹಂಚುವ ಜಾತಿಯೇ ಅಲ್ಲ ಅದು! "ಇಷ್ಟು ದಿನ ಮಂದಿ ಮನಿ ಫ್ಯಾನ್ ಬಂದ್ ಮಾಡಿ ಬೈಸಿಕೊಂಡೆ. ಈಗ ಸರಕಾರನ ಬಂದ್ ಮಾಡು ಅನ್ನಾಕತ್ತೈತಿ," ಎಂದು ಮಗುವಿನ ಹಾಗೆ ನಕ್ಕರು.

ಮೊದಲ ಪ್ರಯೋಗ ಹೊಸ ನಮೂನೆಯ ದೀಪಗಳದು. ತೆಳ್ಳನೆಯ ಟ್ಯೂಬು, ಅದಕ್ಕೆ ಭಾರವಿಲ್ಲದ ಎಲೆಕ್ಟ್ರಾನಿಕ್ ಚೋಕು. ಕಾಕಾ ಆರಿಸಿಕೊಂಡದ್ದು ನಮ್ಮ ಗಲ್ಲಿಯನ್ನು. "ನಮ್ಮ ಮಂದಿ. ಸುಳ್ಳು ಹೇಳಂಗಿಲ್ಲ, ಮೀಟರ್ ಮುಟ್ಟಂಗಿಲ್ಲ," ಎಂದರು. ಪಕ್ಷಪಾತ ಅಂದಾರು ಎಂದು ಸ್ವಂತ ಮನೆಯನ್ನು ಮಾತ್ರ ಬಿಟ್ಟರು. ದೀಪಗಳಿಗೆಂದೇ ಮನೆಮನೆಗೆ ಬೇರೆ ಸಣ್ಣ ಮೀಟರು ಕೂಡಿಸಿ, ಬೇಸಿಗೆಯಲ್ಲಿ ಹಳೆಯ ದೀಪಗಳ ಲೆಕ್ಕ ತೆಗೆದರು. ಮೇಲಿನವರು ಹೊಸ ದೀಪ ಕಳಿಸುವುದು ತಡವಾಗಿ, ಅವು ಬಂದದ್ದು ಆಷಾಢದಲ್ಲಿ. ಬಂದ ಕೂಡಲೇ ಹಾಕಿಸಿದರು.

ಅದೇ ಆಷಾಢದಲ್ಲಿ ನಮ್ಮ ಬಸ್ತಿಗೆ ಮುನಿ ಮಹಾರಾಜರು ಚಾತುರ್ಮಾಸಕ್ಕೆ ಬಂದರು. ಗಲ್ಲಿಗೆ ಗಲ್ಲಿಯೇ ತೋರಣ ಕಟ್ಟಿತು. ಮಳೆಗಾಲದಲ್ಲಿ ಹುಳುಹುಪ್ಪಡಿ ದೀಪಕ್ಕೆ ಮುತ್ತಿ ಸಾಯುತ್ತವೆ, ಸಾಧ್ಯವಾದವರು ದೀಪ ಹಚ್ಚದೆ ಇರಿ ಎಂದು ಅವರು ಪ್ರವಚನದಲ್ಲಿ ಮೆಲ್ಲಗೆ ಹೇಳಿದರಂತೆ. ಸಾಧ್ಯವಾದವರು, ಆಗದವರು ಎಲ್ಲರೂ ನಿಯಮ ಹಿಡಿದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆಗಳು ಅವು. ಊಟ ಮುಗಿಸಿ, ಬಾಗಿಲ ಕಟ್ಟೆಯ ಮೇಲೆ ಕತ್ತಲಲ್ಲೇ ಕೂತು ಮಾತಾಡಿ ಮಲಗುತ್ತಿದ್ದರು. ಹೊಸ ದೀಪಗಳು ಗೋಡೆಯ ಮೇಲೆ ಸುಮ್ಮನೆ ಅಂಟಿಕೊಂಡಿದ್ದವು. ಗಲ್ಲಿಯ ಬಾಯಲ್ಲಿ ನನ್ನದೊಂದೇ ಮನೆ ಬೆಳಗುತ್ತಿತ್ತು. ಹಾಸಿಗೆ ಹಿಡಿದ ಗಂಡ, ಓದುವ ಮಕ್ಕಳು. ನಾನೆಲ್ಲಿಯ ನಿಯಮ ಹಿಡಿಯಲಿ?

ಮೀಟರುಗಳು ನಿಂತೇ ಹೋದವೇನೋ ಅನ್ನುವಷ್ಟು ಲೆಕ್ಕ ಇಳಿಯಿತು. ಕಾಕಾ ತಿಂಗಳ ಲೆಕ್ಕ ಕಳಿಸಿದರು. ಕಚೇರಿ ಕುಣಿಯಿತು. ಪೇಪರಿನಲ್ಲಿ ನಮ್ಮದು ಆದರ್ಶ ಗಲ್ಲಿ ಎಂದು ಬಂತು. ಸಾಂಗಲಿಯ ಸಭೆಯಲ್ಲಿ ಗಲ್ಲಿಯ ಪರವಾಗಿ ಅರಿಷಿಣದ ಶೇಟ್ರಿಗೆ ಶಾಲು ಹೊದಿಸಿ, ಕಾಯಿ ಕೊಟ್ಟು ಸತ್ಕಾರ ಮಾಡಿದರು. ಅರಿಷಿಣದ ದೊಡ್ಡ ವ್ಯಾಪಾರಿ, ಬಸ್ತಿಯ ಪಂಚರಲ್ಲಿ ಹಿರಿಯರು. ಅವರ ಮಾತೇ ಗಲ್ಲಿಯ ಮಾತು. ಶಾಲು ಹೊದ್ದ ಫೋಟೋವನ್ನು ಶೇಟ್ರು ಕಟ್ಟು ಹಾಕಿಸಿ ತಮ್ಮ ಅಂಗಡಿಯ ಗಾದಿಯ ಮೇಲೆ ತೂಗು ಹಾಕಿದರು.

ನನ್ನ ಮೀಟರು ಮಾತ್ರ ಹೆಚ್ಚುಕಮ್ಮಿ ಮೊದಲಿನ ಹಾಗೆ ಓಡುತ್ತಿತ್ತು. ಅದೂ ಅಲ್ಲದೆ ನನ್ನ ಮನೆಯ ಹೊಸ ಚೋಕು ಸಂಜೆಯ ವೋಲ್ಟೇಜಿನ ಹೊಯ್ದಾಟಕ್ಕೆ ಸುಟ್ಟು ಹೋಯಿತು. ಬೇರೆ ಹಾಕಿದರು, ಅದೂ ಸುಟ್ಟಿತು. ಕಚೇರಿಯವರು ಮೀಟರು ಕೆಟ್ಟಿದೆ, ದೀಪ ಬಳಸುವ ರೀತಿ ಸರಿ ಇಲ್ಲ ಎಂದು ಬರೆದುಕೊಂಡು ನನ್ನ ಮನೆಯನ್ನು ಲೆಕ್ಕದಿಂದಲೇ ತೆಗೆದರು. ಗಲ್ಲಿಯ ಹೆಂಗಸರು ನೀರಿನ ನಳದ ಹತ್ತಿರ ನನ್ನನ್ನು ನೋಡಿ, "ನಿಮ್ಮ ಒಂದ ಮನಿಯಿಂದ ಗಲ್ಲಿ ಹೆಸರು ಹೋಕ್ಕೈತಿ ನೋಡ್ರಿ ವೈನಿ," ಅಂದರು. ಮೈ ಉರಿದು ಹೋಯಿತು.

ಕಾಕಾ ಆ ಮೀಟರು ನೋಡಲು ಬಂದದ್ದು ದೀಪಾವಳಿ ಸಮೀಪಿಸಿದಾಗ, ಒಂದು ಸಂಜೆ. ಬಿಚ್ಚಿ, ತಿರುಗಿಸಿ, ಬೇರೆ ಮೀಟರಿನ ಜೊತೆ ಹೋಲಿಸಿ, ಮುಖ ಕಿವುಚಿಕೊಂಡು ಕೂತರು.

"ಮೀಟರ್ ಛಲೋ ಐತಿ ತಂಗೀ. ಹಂಗಾದ್ರ ನಿನ್ನ ಮನ್ಯಾಗ ಯಾಕ ಕಮ್ಮಿ ಆಗವಲ್ದು?"

"ನಾವು ದೀಪ ಹಚ್ತೀವಲ್ರಿ ಕಾಕಾ. ನಾವೇನು ನಿಯಮ ಹಿಡದೇವೇನು?"

"ಯಾವ ನಿಯಮ?"

ನಾನು ನಕ್ಕುಬಿಟ್ಟೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. "ನಿಮ್ಮ ಮನ್ಯಾಗ ಕಾಕೂನೂ ಕತ್ತಲದಾಗ ಕುಂದರತಾರ. ಕಣ್ಣಾರೆ ನೋಡೀರಲ್ರಿ!"

ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಪ್ರಯೋಗ ಶುರುವಾದಾಗಿನಿಂದ ಅವರು ಕಚೇರಿಯಲ್ಲೇ ಕೂತು, ಕೊನೆಯ ಸಿಟಿ ಬಸ್ಸಿಗೆ ಬಂದು, ಬ್ಯಾಟರಿ ಹಿಡಿದು ಮನೆ ಹೊಗುತ್ತಿದ್ದವರು. ಬಸ್ತಿಗೆ ಹೋಗಿ ಪ್ರವಚನ ಕೇಳುವ ರೂಢಿ ಅವರಿಗಿರಲಿಲ್ಲ. "ನಮ್ಮಾಕಿ ನನ್ನ ಮಾತ ಕೇಳಿ ದೀಪ ಆರಸಾಕತ್ಯಾಳ ಅಂತ ತಿಳಿದಿದ್ದೆನಲ್ಲ," ಎಂದು ಸಣ್ಣ ದನಿಯಲ್ಲಿ ಹೇಳಿದರು. "ಜನ್ಮದಾಗ ಒಮ್ಮೆ ಮಾತ ಕೇಳಿದ್ಲು ಅಂತ ಹಿಗ್ಗಿದ್ದೆ." ಆಮೇಲೆ ಎದ್ದು, ನನ್ನ ಹೊಸ್ತಿಲಲ್ಲಿ ನಿಂತು ಗಲ್ಲಿಯನ್ನು ನೋಡಿದರು. ಕತ್ತಲೆ. ಕಟ್ಟೆಗಳ ಮೇಲೆ ಮಾತಿನ ಗುಜುಗುಜು. ಒಂದು ಕಿಟಕಿಯಲ್ಲೂ ಬೆಳಕಿಲ್ಲ. ಹುಟ್ಟಿದ ಮನೆತನದ ನಡವಳಿಕೆಯನ್ನೇ ಲೆಕ್ಕಕ್ಕೆ ಹಿಡಿಯದೆ ಅವರು ಮೀಟರಿನ ಲೆಕ್ಕ ಹಿಡಿದಿದ್ದರು.

ಅವರಿಗೆ ಉಳಿತಾಯ ಸುಳ್ಳಾಯಿತೆಂಬ ನಾಚಿಕೆಗಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಹಚ್ಚಿಯೇ ಇಲ್ಲದ ದೀಪ ಬಾಳುತ್ತದೋ ಇಲ್ಲವೋ ಯಾರಿಗೆ ಗೊತ್ತು? ಹಚ್ಚಿದ ಒಂದೇ ಮನೆಯಲ್ಲಿ ಅದು ಸುಟ್ಟು ಹೋಗಿತ್ತು. ಊರಿಗೆಲ್ಲ ಹಂಚಲು ಅಂಥವೇ ದೀಪಗಳಿಗೆ ಆರ್ಡರ್ ಹೋಗುವುದರಲ್ಲಿತ್ತು, ಕಾಕಾನ ಹೆಸರಿನ ಮೇಲೆ. ಹೋಳಿಯ ತನಕ ತಡೆಯಿರಿ, ಚಾತುರ್ಮಾಸ ಮುಗಿದ ಮೇಲೆ ದೀಪ ಉರಿಸಿ ಮತ್ತೆ ನೋಡೋಣ ಎಂದು ಅವರು ಕಚೇರಿಗೆ ಬರೆದರು. ಮೇಲಿನವರಿಗೆ ಅದು ಪಥ್ಯವಾಗಲಿಲ್ಲ. ಗಲ್ಲಿಯವರೇ ಹೇಳಲಿ, ಆಗ ನೋಡೋಣ ಎಂದರು.

ಗಲ್ಲಿಯವರು ಹೇಳುತ್ತಾರೆ ಎಂಬುದರಲ್ಲಿ ಕಾಕಾಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಶೇಟ್ರ ಗಾದಿಗೆ ಹೋದರು. ಅರಿಷಿಣದ ಚೀಲದ ಬಗ್ಗೆ ಕೇಳಲು ಹೋಗಿದ್ದ ನಾನು ಅಲ್ಲೇ ಇದ್ದೆ.

"ಒಂದ ಮಾತ ಹೇಳ್ರಿ ಸಾಕು. ನಿಯಮ ಇತ್ತು, ದೀಪ ಹಚ್ಚಿಲ್ಲ ಅಂತ."

ಶೇಟ್ರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ವ್ರತದ ಮಾತು ನಾವ ಬಾಯಿಲೆ ಆಡಬಾರದು. ಪುಣ್ಯ ಹೋಕ್ಕೈತಿ. ಧರ್ಮದ ಮಾತು ಸರಕಾರಿ ಕಾಗದದಾಗ ಯಾಕ ಬೇಕು? ನಾಳೆ ಪೇಪರಿನವ್ರು ಜೈನರ ಗಲ್ಲಿ ಮೋಸ ಮಾಡ್ತು ಅಂತ ಬರದ್ರ?"

"ಮೋಸ ಅಲ್ರಿ. ಚೂಕ, ತಪ್ಪು. ನನ್ನ ತಪ್ಪು. ನಾ ಹಂಗ ಬರೀತೇನಿ."

"ಹಂಗಾದ್ರ ನೀವ ಬರೀರಿ. ನಮ್ಮನ್ಯಾಕ ಎಳೀತೀರಿ?"

ಆ ಮಾತು ಆಡಿದವರ ನೆತ್ತಿಯ ಮೇಲೆಯೇ ಶಾಲು ಹೊದ್ದ ಫೋಟೋ ತೂಗುತ್ತಿತ್ತು. ಕಾಕಾ ಅದನ್ನು ನೋಡಲಿಲ್ಲ. ನಾನು ನೋಡಿದೆ.

ವಿಚಾರಣೆಗೆ ಮೇಲಿನ ಸಾಹೇಬ ಜೀಪಿನಲ್ಲಿ ಬಂದಾಗ ಚಾತುರ್ಮಾಸ ಮುಗಿದಿತ್ತು, ಮುನಿಗಳು ಕಾಲ್ನಡಿಗೆಯಲ್ಲಿ ಮುಂದಿನ ಊರಿಗೆ ವಿಹಾರ ಹೊರಟು ಹೋಗಿದ್ದರು. ಅವರಿದ್ದಿದ್ದರೆ ಒಂದೇ ಮಾತಿನಲ್ಲಿ ಕೆಲಸ ಮುಗಿಯುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಬಸ್ತಿಯ ಮುಂದೆ ಖುರ್ಚಿ ಹಾಕಿದರು, ಚಹಾ ಕೊಟ್ಟರು. ಸಾಹೇಬ ಮರಾಠಿಯಲ್ಲಿ ಕೇಳಿದ: ಮಳೆಗಾಲದಲ್ಲಿ ನೀವು ದೀಪ ಹಚ್ಚಿರಲಿಲ್ಲವೇ?

ಗಂಡಸರು ಶೇಟ್ರ ಮುಖ ನೋಡಿದರು. ಶೇಟ್ರು ನೆಲ ನೋಡಿದರು. ಇಡೀ ಗಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು. ಸುಳ್ಳು ಹೇಳಿದರೆ ಪಾಪ ನೋಡಿ, ಅದಕ್ಕೇ ಒಬ್ಬರೂ ಸುಳ್ಳು ಹೇಳಲಿಲ್ಲ. ಸುಮ್ಮನಿದ್ದರು. ಅದನ್ನೇ ಪುಣ್ಯವೆಂದುಕೊಂಡರು.

ಕಾಕೂ ಸೆರಗು ಬಿಗಿದುಕೊಂಡು ಮುಂದೆ ಬಂದು, "ನಾ ಹಚ್ಚಿಲ್ರಿ," ಎಂದರು. ಸಾಹೇಬ ನಕ್ಕ. ಅವರ ಮನೆ ಪ್ರಯೋಗದಲ್ಲಿ ಇರಲೇ ಇಲ್ಲವಲ್ಲ. ನಾನು ತಡೆಯಲಾರದೆ ಕೂಗಿದೆ: "ಈ ಗಲ್ಲ್ಯಾಗ ದೀಪ ಹಚ್ಚಿದ್ದು ನನ್ನ ಮನಿ ಒಂದ ರೀ! ನನ್ನ ಮೀಟರ್ ನೋಡ್ರಿ!" ಸಾಹೇಬ ಗುಮಾಸ್ತನ ಕಡೆ ತಿರುಗಿದ. ಇದು ಆ ಕೆಟ್ಟ ಮೀಟರಿನ ಮನೆ ಎಂದು ಗುಮಾಸ್ತ ಹೇಳಿದ. ಆಯಿತು. ಮುಗಿಯಿತು. ಅವತ್ತೇ ಪ್ರಯೋಗದ ಮೀಟರುಗಳನ್ನೆಲ್ಲ ಕಿತ್ತರು, ಎಲ್ಲಕ್ಕಿಂತ ಮೊದಲು ನನ್ನದನ್ನು. ಕಾಕಾ ಅದಕ್ಕೆ ಅಡ್ಡ ನಿಂತು, "ಖರೆ ಹೇಳಿದ್ದು ಇದೊಂದ ಐತ್ರಿ, ಇದನ್ನರ ಬಿಡ್ರಿ," ಅಂದರು. ಕೈಯಿಂದ ಸರಿಸಿದರು ಅವರನ್ನು. ಅವರದೇ ಕಚೇರಿಯ ಆಳುಗಳು.

ದೀಪಗಳು ಲಾರಿಯಲ್ಲಿ ಬಂದವು. ನಮ್ಮದೇ ಊರಿನ ಎಂಜಿನಿಯರರು ಪರೀಕ್ಷಿಸಿ ಒಪ್ಪಿದ್ದು ಎಂದು ರಿಕ್ಷಾದಲ್ಲಿ ಮೈಕಿನ ಭೋಂಗಾ ಕಟ್ಟಿ ಸಾರಿದರು. ಅಂಗಡಿಕಾರರು, ಬಾಡಿಗೆ ಮನೆಯವರು, ಸ್ಟೇಷನ್ ರಸ್ತೆಯ ಖಾನಾವಳಿಯವರು ಎಲ್ಲರೂ ಹಾಕಿಸಿಕೊಂಡರು. ಬೇಸಿಗೆ ಬಂತು, ಪಂಪುಗಳು ಓಡಿದವು, ವೋಲ್ಟೇಜು ಹೊಯ್ದಾಡಿತು, ಚೋಕುಗಳು ಸಾಲುಸಾಲಾಗಿ ಸುಟ್ಟವು. ಕಾಕಾ ಹೇಳಿದ್ದೇ ಹೇಳಿದ ಹಾಗೆ ಆಯಿತು. ಬೈಗುಳ ಮಾತ್ರ ಅವರ ಪಾಲಿಗೆ. ಕಮಿಷನ್ ತಿಂದ ಎಂದರು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಎದ್ದು ಹೋದರು. ಒಂದು ಬೆಳಿಗ್ಗೆ ಯಾರೋ ಸುಟ್ಟ ಚೋಕುಗಳನ್ನು ಪೋಣಿಸಿ ಅವರ ಮನೆಯ ಗೇಟಿಗೆ ಹಾರ ಹಾಕಿದ್ದರು.

ನಾನು ಓಡಿ ಹೋದಾಗ ಕಾಕಾ ಹೊರಗೆ ನಿಂತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕಚೇರಿಗೆ ಹೊರಟವರು. ಗಲ್ಲಿಯ ಬಾಗಿಲುಗಳಲ್ಲಿ ಜನ. ಕಾಕಾ ಹಾರವನ್ನು ಹರಿಯಲಿಲ್ಲ. ಒಂದೊಂದೇ ಚೋಕು ಬಿಡಿಸಿ, ಬೆರಳು ಮಡಚಿ, ರೂಢಿಯಿಂದ ಹಿಂಬದಿಯಲ್ಲಿ ಮುಟ್ಟಿ ನೋಡಿ ಚೀಲಕ್ಕೆ ಹಾಕಿದರು. ಸತ್ತ ಚೋಕಿನಲ್ಲಿ ಬಿಸಿ ಎಲ್ಲಿಂದ ಬರಬೇಕು?

"ಒಗೀರಿ ಕಾಕಾ ಅದನ್ನ!" ಎಂದೆ. ಅಳು ಬಂದಿತ್ತು ನನಗೆ.

"ಯಾಕ ಸುಟ್ಟೈತಿ ನೋಡಬೇಕಲ್ಲ ತಂಗೀ," ಎಂದರು. "ಪ್ರಯೋಗ ಈಗ ಆಗೈತಿ. ಇಡೀ ಊರಾಗ."

ವಿಭಾಗ ಮುಚ್ಚಿತು. ಅವರನ್ನು ದೂರದ ತಾಲೂಕಿನ ಉಗ್ರಾಣಕ್ಕೆ ಹಾಕಿದರು, ಕಂಬ ಮತ್ತು ತಂತಿ ಕಾಯುವ ಕೆಲಸಕ್ಕೆ. ಅಲ್ಲಿಂದಲೇ ನಿವೃತ್ತಿಯಾಗಿ ಬಂದರು. ಬಂದ ಮೇಲೆ ಯಾರ ಮನೆಗೂ ಹೋಗುತ್ತಿರಲಿಲ್ಲ, ಯಾರ ಫ್ಯಾನೂ ಬಂದ್ ಮಾಡುತ್ತಿರಲಿಲ್ಲ. ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಿತ್ತು. ನನ್ನ ಗಿರಣಿಯ ಕಟ್ಟೆಗೆ ಮಾತ್ರ ಬಂದು ಕೂಡುವರು, ಮೋಟಾರಿಗೆ ಬೆರಳು ತಾಗಿಸಿ, "ತಣ್ಣಗೈತಿ," ಅನ್ನುವರು. ಶೇಟ್ರ ಮೇಲೆ ಒಂದು ಮಾತು ಆಡಿದ್ದು ನಾನು ಕೇಳಿಲ್ಲ. ಎದುರಿಗೆ ಬಂದರೆ ಜೈ ಜಿನೇಂದ್ರ ಅನ್ನುವರು. ನನಗೆ ಸಿಟ್ಟು ಬರುತ್ತಿತ್ತು. "ನಿಮಗ ಉರಿಯಂಗಿಲ್ಲೇನ್ರಿ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಉರಿದ್ರ ಪೋಲಲ್ಲೇನು," ಎಂದರು. ನಗಲಿಲ್ಲ.

ನನಗೆ ಅಂಥ ದೊಡ್ಡ ಮನಸ್ಸಿಲ್ಲ. ನನಗೆ ಉರಿಯುತ್ತದೆ.

ಅವರು ಮಿರಜಿನ ದವಾಖಾನೆಯಲ್ಲಿ, ಎದೆಯಲ್ಲಿ ನೀರು ತುಂಬಿ, ಚಳಿಗಾಲದಲ್ಲಿ ತೀರಿಕೊಂಡರು. ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಸಂಜೆ ಬಸ್ತಿಯ ಮುಂದೆ ಗಲ್ಲಿ ಕೂಡಿತು. ಶೇಟ್ರು, ಈಗ ಕೋಲು ಹಿಡಿದವರು, ಎದ್ದು ನಿಂತು ಮಾತಾಡಿದರು. ಇವರಿಂದ ನಮ್ಮ ಗಲ್ಲಿಗೆ ಆದರ್ಶ ಗಲ್ಲಿ ಎಂಬ ಹೆಸರು ಬಂತು, ಇವರ ಉಪಕಾರ ಮರೆಯಬಾರದು ಎಂದರು. ಕಣ್ಣೊರೆಸಿಕೊಂಡರು. ಅದಕ್ಕಾಗಿ ಈ ಸಂಜೆ ಸ್ವಲ್ಪ ಹೊತ್ತು ಎಲ್ಲರೂ ಮನೆಯ ದೀಪ ಆರಿಸಿ ಅವರಿಗೆ ಶ್ರದ್ಧಾಂಜಲಿ ಕೊಡೋಣ ಎಂದರು.

ಎಲ್ಲರೂ ಆರಿಸಿದರು. ಮನೆಮನೆಯ ಸ್ವಿಚ್ಚು ಟಕ್ಕೆನ್ನುವುದು ಕೇಳಿಸಿತು. ಗಲ್ಲಿ ಮತ್ತೆ ಆ ಮಳೆಗಾಲದ ಹಾಗೆಯೇ ಕತ್ತಲಾಯಿತು.

ನಾನು ಮನೆಗೆ ಹೋಗಿ ಅಡಿಗೆಮನೆಯ ದೀಪ ಹಚ್ಚಿದೆ. ಪಡಸಾಲೆಯದು, ಹಿತ್ತಲಿನದು, ಜಗಲಿಯದು ಹಚ್ಚಿದೆ. ಗಿರಣಿಯ ಬಾಗಿಲು ತೆರೆದು ಅಲ್ಲಿದ್ದವನ್ನೂ ಹಚ್ಚಿ, ಮೋಟಾರು ಚಾಲೂ ಮಾಡಿ ಖಾಲಿ ತಿರುಗಲು ಬಿಟ್ಟೆ. ಅವರಿದ್ದಿದ್ದರೆ ಬಂದು ವಾಯರ್ ಕಡಿಯುತ್ತಿದ್ದರು.

ಬೆಳಕು ಬಸ್ತಿಯ ತನಕ ಬಿತ್ತು. ಶೇಟ್ರು ಕೋಲೂರಿಕೊಂಡು ನನ್ನ ಬಾಗಿಲಿಗೆ ಬಂದರು, ಹಿಂದೆ ನಾಲ್ಕು ಜನ.

"ಎಲ್ಲಾರೂ ಆರಿಸ್ಯಾರ. ನೀ ಯಾಕ ಹಚ್ಚೀಯವ್ವಾ? ಸತ್ತವ್ರ ಮರ್ಯಾದಿ ಇಲ್ಲೇನು?"

"ಮರ್ಯಾದಿಗೇ ಹಚ್ಚೇನ್ರಿ," ಎಂದೆ. "ದೀಪ ಆರಿಸಿದ್ವಿ ಅನ್ನೂ ಮಾತು ಅವತ್ತ ಸಾಹೇಬ ಕೇಳಿದಾಗ ಹೇಳಬೇಕಿತ್ತು. ಇವತ್ತ ಆರಿಸಿ ಯಾರಿಗೆ ತೋರಸ್ತೀರಿ? ಈಗರ ಹೇಳ್ರಿ, ಎಲ್ಲಾರ ಮುಂದ. ಆ ಮಳಿಗಾಲದಾಗ ನೀವು ದೀಪ ಹಚ್ಚಿದ್ರೋ, ಇಲ್ಲೋ?"

ಮೋಟಾರು ಖಾಲಿ ತಿರುಗುತ್ತಿತ್ತು. ನನ್ನ ದೀಪಗಳ ಬೆಳಕೆಲ್ಲ ಅವರ ಮುಖದ ಮೇಲಿತ್ತು. ಶೇಟ್ರು ನೆಲ ನೋಡಿದರು. ಮಾತಾಡಲಿಲ್ಲ. ಅದು ಅವರಿಗೆ ರೂಢಿಯಿತ್ತು.